ಅರಳುಮರಳಿಗೆ ಎಷ್ಟು ಹೆಸರು? – ಒಂದು ರೋಗದ ಚರಿತ್ರೆ, ನನ್ನದೊಂದು ತಪ್ಪೊಪ್ಪಿಗೆ



1997ನೆಯ ಇಸವಿ. ಆಗಸ್ಟ್ 24ರಂದು ಹಾವೇರಿ ಪ್ರತ್ಯೇಕ ಜಿಲ್ಲೆಯಾಗಿ ಕೆಲವೇ ವಾರಗಳಾಗಿದ್ದವು. ಹತ್ತನೆಯ ತರಗತಿಯ ಕರಿಹಲಗೆಯ ಮೇಲೆ ಹೊಸ ಜಿಲ್ಲೆಯ ನಕಾಶೆಯನ್ನು ಬರೆದು, ರಾಣೆಬೆನ್ನೂರು ಎಲ್ಲಿ, ಬ್ಯಾಡಗಿ ಎಲ್ಲಿ, ನಮ್ಮ ಮೇಡ್ಲೇರಿ ಎಲ್ಲಿ ಎಂದು ತೋರಿಸುತ್ತಿದ್ದೆ. ಆಗ ನನ್ನ ದೊಡ್ಡಪ್ಪನ ಮಗ, ನಾವೆಲ್ಲ ‘ಅಣ್ಣ’ ಎಂದು ಕರೆಯುತ್ತಿದ್ದವರು, ಹೇಳದೆ ಕೇಳದೆ ತರಗತಿಯೊಳಗೆ ಬಂದರು. ಮೊದಲ ಸಾಲಿನ ಹುಡುಗನ ಬುತ್ತಿಯ ಗಂಟನ್ನು ಬಿಚ್ಚಿ, ಅದರಲ್ಲಿದ್ದ ಶೇಂಗಾ ಉಂಡೆಗಳನ್ನು ಒಂದಾದ ಮೇಲೊಂದರಂತೆ ಬಾಯಿಗೆ ಹಾಕಿಕೊಂಡು ನಕ್ಕರು. ಮಕ್ಕಳೂ ನಕ್ಕರು. ನಾನು ಅವರ ರಟ್ಟೆ ಹಿಡಿದು ಹೊರಗೆ ನಡೆಸಿಕೊಂಡು ಹೋಗಿ, “ನಿನಗ ನಾಚಿಕಿ ಅನ್ನೂದು ಐತೇನು?” ಎಂದು ಎಲ್ಲರಿಗೂ ಕೇಳಿಸುವಂತೆ ಗದರಿಸಿದೆ. ಅದುವರೆಗೆ ಅವರನ್ನು ನಾನು ಏಕವಚನದಲ್ಲಿ ಮಾತನಾಡಿಸಿದವನಲ್ಲ. ಅವರ ಮುಖದಲ್ಲಿ ನಾಚಿಕೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಆ ತರಗತಿಯಲ್ಲಿ ಕುಳಿತಿದ್ದವರಿಗೆ ಈ ಪ್ರಸಂಗ ನೆನಪಿರಬಹುದು. ಈ ಬರಹ ಮುಖ್ಯವಾಗಿ ಅವರಿಗಾಗಿ.

ಅಣ್ಣ ಹುಟ್ಟಿನಿಂದ ಅಂಥವರಾಗಿರಲಿಲ್ಲ. ರಾಣೆಬೆನ್ನೂರಿನ ದಲಾಲಿ ಅಂಗಡಿಯೊಂದರಲ್ಲಿ ಕಿರ್ದಿ, ಖತಾವಣಿ ಬರೆದುಕೊಂಡು ಇಪ್ಪತ್ತೈದು ವರ್ಷಗಳನ್ನು ಕಳೆದವರು. ಒಂದು ಪೈಸೆ ಹೆಚ್ಚುಕಡಿಮೆಯಾದರೆ ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ. ಐವತ್ತನಾಲ್ಕರ ವಯಸ್ಸಿನ ಸುಮಾರಿಗೆ ಬದಲಾಗತೊಡಗಿದರು. ಒಡಹುಟ್ಟಿದ ತಂಗಿ ತೀರಿಕೊಂಡಾಗ ಹೆಣದ ಮುಂದೆ ನಿಂತು, ಊಟ ಎಷ್ಟು ಹೊತ್ತಿಗೆ ಎಂದು ಕೇಳಿದರು. ಅಂಗಡಿಗಳಿಂದ ಬೆಲ್ಲ, ಬಾಳೆಹಣ್ಣು ಎತ್ತಿಕೊಂಡು ದುಡ್ಡು ಕೊಡದೆ ನಡೆಯುತ್ತಿದ್ದರು. ದಿನವೂ ಅದೇ ಹೊತ್ತಿಗೆ ಅದೇ ದಾರಿಯಲ್ಲಿ ಊರ ಹೊರಗಿನ ಬೇವಿನ ಮರದವರೆಗೆ ಹೋಗಿ ಬರಬೇಕು. ಮಳೆ ಬಂದರೂ ತಪ್ಪುವಂತಿರಲಿಲ್ಲ. ಮಗಳನ್ನು ನೋಡಲು ಬಂದ ಬೀಗರ ಎದುರಿನಲ್ಲಿ ಹೇಳಬಾರದ ಮಾತು ಹೇಳಿದರು, ಸಂಬಂಧ ಮುರಿಯಿತು. ಆದರೆ ಹತ್ತು ವರ್ಷದ ಹಿಂದೆ ಯಾವ ರೈತನ ಲೆಕ್ಕದಲ್ಲಿ ಎಷ್ಟು ಬಾಕಿ ಇತ್ತೆಂದು ಕೇಳಿದರೆ ತಡವರಿಸದೆ ಹೇಳುತ್ತಿದ್ದರು. ನಾವೆಲ್ಲ ಎಡವಿದ್ದು ಇಲ್ಲಿಯೇ. ನೆನಪು ಇಷ್ಟು ಚೆನ್ನಾಗಿರುವವನಿಗೆ ರೋಗ ಎಂದರೆ ಯಾರು ನಂಬುತ್ತಾರೆ? ಕೆಲವರು ಸೊಕ್ಕು ಎಂದರು, ಕೆಲವರು ಗುಟ್ಟಾಗಿ ಕುಡಿಯುತ್ತಾನೆ ಎಂದರು, ಕೆಲವರು ಗಾಳಿ ಸೋಕಿದೆ ಎಂದರು. ವೈನಿಯವರು ದೇವರಗುಡ್ಡಕ್ಕೂ ಹೋಗಿ ಬಂದರು, ಪಟ್ಟಣದ ಒಂದು ಆಸ್ಪತ್ರೆಗೂ ಹೋಗಿ ಬಂದರು. ಆಸ್ಪತ್ರೆಯಲ್ಲಿ ಇಸವಿ, ವಾರ, ಪ್ರಧಾನಿಯ ಹೆಸರು ಕೇಳಿದರಂತೆ. ಅಣ್ಣ ಎಲ್ಲವನ್ನೂ ಸರಿಯಾಗಿ ಹೇಳಿದರು. ನಿದ್ದೆ ಗುಳಿಗೆ ಬರೆದುಕೊಟ್ಟು ಕಳುಹಿಸಿದರು. 2001ರಲ್ಲಿ ಅಣ್ಣ ತೀರಿಕೊಂಡರು. ಕೊನೆಯ ಒಂದು ವರ್ಷ ಅವರು ಮಾತನ್ನೇ ಆಡಲಿಲ್ಲ.

ನಿವೃತ್ತನಾದ ಮೇಲೆ ವೈದ್ಯಳಾಗಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳೊಡನೆ ಮಾತನಾಡುತ್ತಿದ್ದಾಗ ಅಣ್ಣನ ಸಂಗತಿ ಬಂತು. ಆಕೆ ಎಲ್ಲವನ್ನೂ ಕೇಳಿ, “ಸರ್, ಇದಕ್ಕೆ ಒಂದು ಹೆಸರಿದೆ” ಎಂದಳು. ಫ್ರಂಟೋಟೆಂಪೊರಲ್ ಡಿಮೆನ್ಶಿಯಾ. ಹಣೆಯ ಹಿಂದಿರುವ ಮತ್ತು ಕಿವಿಗಳ ಪಕ್ಕದಲ್ಲಿರುವ ಮೆದುಳಿನ ಹಾಲೆಗಳು ಕ್ರಮೇಣ ಸೊರಗುವ ಕಾಯಿಲೆ. ನಡತೆ, ವಿವೇಕ, ಕನಿಕರ, ಮಾತು ಇವುಗಳ ಮನೆ ಆ ಹಾಲೆಗಳಲ್ಲಿದೆ. ನೆನಪಿನ ಭಾಗ ಮೊದಮೊದಲು ಬಹುಮಟ್ಟಿಗೆ ಉಳಿದಿರುತ್ತದೆ. ಹೆಚ್ಚಾಗಿ 45ರಿಂದ 65ರೊಳಗಿನ ವಯಸ್ಸಿನಲ್ಲಿ ತಲೆದೋರುತ್ತದೆ. ‘ಅರವತ್ತಕ್ಕೆ ಅರಳುಮರಳು’ ಎನ್ನುವ ನಮ್ಮ ಗಾದೆಗೆ ಇದು ಸಿಕ್ಕುವುದಿಲ್ಲ. ಅರವತ್ತಕ್ಕೆ ಮೊದಲೇ ಬರುತ್ತದೆ, ಮರೆವಿಲ್ಲದೆ ಬರುತ್ತದೆ. ಇತಿಹಾಸದ ಮೇಷ್ಟ್ರಾದ ನನಗೆ ಒಂದು ಪ್ರಶ್ನೆ ಹುಟ್ಟಿತು: ಈ ಹೆಸರು ಯಾವಾಗ ಬಂತು? ಅಣ್ಣನ ಕಾಲಕ್ಕೆ ಇತ್ತೇ, ಇರಲಿಲ್ಲವೇ? ಓದಿ ತಿಳಿದುಕೊಂಡದ್ದನ್ನು ನಿಮಗೆ ಪಾಠದಂತೆಯೇ ಹೇಳುತ್ತೇನೆ.

ಈ ಚರಿತ್ರೆ ಆರಂಭವಾಗುವುದು ಪ್ರಾಗ್ ನಗರದಲ್ಲಿ, 1892ರಲ್ಲಿ. ಅಲ್ಲಿನ ಜರ್ಮನ್ ವಿಶ್ವವಿದ್ಯಾಲಯದಲ್ಲಿ ಮನೋವೈದ್ಯ ಪ್ರಾಧ್ಯಾಪಕರಾಗಿದ್ದ ಆರ್ನಾಲ್ಡ್ ಪಿಕ್, 71 ವರ್ಷದ ಒಬ್ಬ ರೋಗಿಯ ವೃತ್ತಾಂತವನ್ನು ಪ್ರಕಟಿಸಿದರು. ಆ ಮುದುಕನ ಮಾತು ಕ್ರಮೇಣ ಕೆಟ್ಟಿತ್ತು. ಸತ್ತ ಮೇಲೆ ಮೆದುಳನ್ನು ಪರೀಕ್ಷಿಸಿದಾಗ ಎಡಗಿವಿಯ ಬದಿಯ ಹಾಲೆ ವಿಶೇಷವಾಗಿ ಕುಗ್ಗಿದ್ದು ಕಂಡಿತು. ಮುಪ್ಪಿನಲ್ಲಿ ಮೆದುಳು ಒಟ್ಟಾರೆಯಾಗಿ ಸೊರಗುತ್ತದೆ ಎಂಬುದೇ ಅಂದಿನ ನಂಬಿಕೆ. ಹಾಗಲ್ಲ, ಒಂದು ಭಾಗ ಮಾತ್ರ ಸೊರಗಬಹುದು, ಆ ಭಾಗ ಯಾವ ಕೆಲಸ ಮಾಡುತ್ತಿತ್ತೋ ಆ ಕೆಲಸವೇ ಮೊದಲು ಕೆಡುತ್ತದೆ ಎಂಬುದು ಪಿಕ್ ಅವರ ವಾದ. ಹೊಸ ರೋಗವೊಂದನ್ನು ಕಂಡುಹಿಡಿದೆನೆಂದು ಅವರು ಹೇಳಿಕೊಳ್ಳಲಿಲ್ಲ.

ಎರಡನೆಯ ಹೆಜ್ಜೆ ಇಟ್ಟವರು ನೀವೆಲ್ಲ ಹೆಸರು ಕೇಳಿರುವ ಅಲೋಯಿಸ್ ಆಲ್ಜೈಮರ್. ಇವರು 1906ರಲ್ಲಿ ವರದಿ ಮಾಡಿದ ಮರೆವಿನ ರೋಗಕ್ಕೆ 1910ರಲ್ಲಿ ಇವರದೇ ಹೆಸರು ಬಂತು. 1911ರಲ್ಲಿ ಅವರು ಪಿಕ್ ವಿವರಿಸಿದ ಬಗೆಯ ಮೆದುಳುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಜೀವಕೋಶಗಳೊಳಗೆ ಬೆಳ್ಳಿಯ ಬಣ್ಣವನ್ನು ಹೀರಿಕೊಳ್ಳುವ ದುಂಡನೆಯ ಉಂಡೆಗಳನ್ನು ಗುರುತಿಸಿದರು. ಇದು ತಮ್ಮ ಹೆಸರಿನ ರೋಗವಲ್ಲ, ಬೇರೆ ಎಂಬುದು ಅವರಿಗೆ ತಿಳಿದಿತ್ತು. ಪಿಕ್ 1924ರಲ್ಲಿ ತೀರಿಕೊಂಡರು. 1926ರಲ್ಲಿ ಜಪಾನಿನ ಒನಾರಿ ಮತ್ತು ಜರ್ಮನಿಯ ಷ್ಪಾಟ್ಸ್ ಇಂಥ ಪ್ರಕರಣಗಳನ್ನು ವಿವರವಾಗಿ ಅಭ್ಯಸಿಸಿ ಬರೆದ ಮೇಲೆ ‘ಪಿಕ್‌ನ ರೋಗ’ ಎಂಬ ಹೆಸರು ನೆಲೆಯೂರಿತು.

ಹೆಸರು ನೆಲೆಯೂರಿದರೂ ಅದು ಪುಸ್ತಕದಲ್ಲೇ ಉಳಿಯಿತು. ಮೆದುಳನ್ನು ನೋಡಬೇಕಾದರೆ ರೋಗಿ ಸಾಯಬೇಕಿತ್ತು. ಬದುಕಿರುವವರಲ್ಲಿ ಆಲ್ಜೈಮರ್ ರೋಗವನ್ನೂ ಪಿಕ್ ರೋಗವನ್ನೂ ಬೇರ್ಪಡಿಸಿ ಹೇಳುವುದು ಆಗದ ಮಾತೆಂದು ಬಹುಕಾಲ ಭಾವಿಸಲಾಗಿತ್ತು. ನಡುವಯಸ್ಸಿನಲ್ಲಿ ಮರ್ಯಾದೆಗೆಟ್ಟು ವರ್ತಿಸುವವರ ಬಗ್ಗೆ ವೈದ್ಯರಿಗೆ ಮೊದಲು ಬರುತ್ತಿದ್ದ ಅನುಮಾನವೇ ಬೇರೆ: ಮೆದುಳಿಗೇರಿದ ಸಿಫಿಲಿಸ್. ಆ ರೋಗದ ಜೀವಾಣುವನ್ನು ನೊಗುಚಿ ಮತ್ತು ಮೂರ್ ರೋಗಿಗಳ ಮೆದುಳಿನಲ್ಲಿಯೇ ತೋರಿಸಿಕೊಟ್ಟದ್ದು 1913ರಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆನಿಸಿಲಿನ್ ಬಳಕೆಗೆ ಬಂದ ಮೇಲೆ ಅದು ಕಡಿಮೆಯಾಯಿತು.

ನಮ್ಮ ಸೀಮೆಯ ಮಾತಿಗೆ ಬರೋಣ. ಆಗ ರಾಣೆಬೆನ್ನೂರು ತಾಲ್ಲೂಕು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಧಾರವಾಡದಲ್ಲಿ 1845ರಲ್ಲಿಯೇ ಮಾನಸಿಕ ರೋಗಿಗಳ ಆಸ್ಪತ್ರೆ ಸ್ಥಾಪನೆಯಾಗಿತ್ತು; ಇಂದಿನ ಡಿಮ್ಹಾನ್ಸ್ ಅದರ ಉತ್ತರಾಧಿಕಾರಿ. ನಮ್ಮ ಹಳ್ಳಿಗಳಲ್ಲಿ ‘ಧಾರವಾಡಕ್ಕೆ ಕಳಿಸಬೇಕು’ ಎಂಬ ಮಾತಿಗೆ ಬೇರೊಂದು ಅರ್ಥವೇ ಇತ್ತು. ಅತ್ತ ಬೆಂಗಳೂರಿನಲ್ಲಿ ಹಳೆಯ ಮಾನಸಿಕ ಆಸ್ಪತ್ರೆ ಮತ್ತು 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಎರಡೂ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಮನಸ್ಸಿನ ವೈದ್ಯರೂ ನರಗಳ ವೈದ್ಯರೂ ಒಂದೇ ಆವರಣದಲ್ಲಿ ಕೆಲಸ ಮಾಡುವ ಸಂಸ್ಥೆ ಇದು. ನಾನು ಹೇಳುತ್ತಿರುವ ರೋಗಕ್ಕೆ ಈ ಸಂಗತಿ ಬಹಳ ಮುಖ್ಯ. ಏಕೆಂದರೆ ಇದು ಮನಸ್ಸಿನ ರೋಗದ ವೇಷದಲ್ಲಿ ಬರುವ ಮೆದುಳಿನ ರೋಗ.

ಮೂರನೆಯ ಹೆಜ್ಜೆಗೆ ಹೊಸ ಯಂತ್ರಗಳು ಬೇಕಾದವು. 1971ರಲ್ಲಿ ಮೊದಲ ಬಾರಿಗೆ ಸಿ.ಟಿ. ಸ್ಕ್ಯಾನಿನ ಮೂಲಕ ಬದುಕಿರುವ ಮನುಷ್ಯನ ಮೆದುಳಿನ ಚಿತ್ರ ತೆಗೆದರು, ಅನಂತರ ಎಂ.ಆರ್.ಐ. ಬಂತು. 1982ರಲ್ಲಿ ಅಮೆರಿಕದ ಮಾರ್ಸೆಲ್ ಮೆಸುಲಮ್, ಉಳಿದ ಬುದ್ಧಿಶಕ್ತಿ ಸರಿಯಾಗಿದ್ದೂ ಮಾತು ಮಾತ್ರ ನಿಧಾನವಾಗಿ ಅಳಿಯುತ್ತ ಹೋದ ಆರು ಜನರ ವಿವರ ನೀಡಿದರು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಮತ್ತು ಸ್ವೀಡನ್ನಿನ ಲುಂಡ್ ಎಂಬ ಎರಡು ಊರುಗಳ ವೈದ್ಯರ ತಂಡಗಳು ನಡತೆ ಕೆಡುವ ಬಗೆಯನ್ನು ವರ್ಷಗಟ್ಟಲೆ ಅಭ್ಯಸಿಸಿದವು. ಅವರು ಕಂಡ ಅನೇಕ ರೋಗಿಗಳ ಮೆದುಳಿನಲ್ಲಿ ಪಿಕ್‌ನ ಹೆಸರಿನ ಉಂಡೆಗಳೇ ಇರಲಿಲ್ಲ! ಹಾಗಾಗಿ ಹಳೆಯ ಹೆಸರು ಸಾಲದಾಯಿತು. 1994ರಲ್ಲಿ ಎರಡೂ ತಂಡಗಳು ಕೂಡಿ ರೋಗನಿರ್ಣಯದ ನಿಯಮಾವಳಿಯನ್ನು ಪ್ರಕಟಿಸಿ, ಫ್ರಂಟೋಟೆಂಪೊರಲ್ ಡಿಮೆನ್ಶಿಯಾ ಎಂಬ ಹೆಸರನ್ನು ನೆಲೆಗೊಳಿಸಿದವು. ಅಣ್ಣ ಬೆಲ್ಲ ಕದಿಯಲು ತೊಡಗಿದ್ದು ಹೆಚ್ಚುಕಡಿಮೆ ಅದೇ ವರ್ಷ. ಲುಂಡ್‌ನಲ್ಲಿ ಬರೆದದ್ದು ಮೇಡ್ಲೇರಿಗೆ ತಲುಪಲು ಎಷ್ಟು ಕಾಲ ಬೇಕು?

1998ರಲ್ಲಿ ಆ ನಿಯಮಗಳನ್ನು ಪರಿಷ್ಕರಿಸಿ, ರೋಗವನ್ನು ಮೂರು ಬಗೆಯಾಗಿ ವಿಂಗಡಿಸಿದರು. ಮೊದಲನೆಯದು ನಡತೆ ಕೆಡುವುದು. ಎರಡನೆಯದು ಮಾತು ತಡವರಿಸಿ ವಾಕ್ಯ ಕಟ್ಟಲಾಗದೆ ಹೋಗುವುದು. ಮೂರನೆಯದು ಮಾತು ಸರಾಗವಾಗಿದ್ದರೂ ಶಬ್ದಗಳ ಅರ್ಥವೇ ಅಳಿಸಿಹೋಗುವುದು, ಇಂಥವರು “ಕುಂಬಳಕಾಯಿ ಅಂದರೇನು?” ಎಂದು ನಿಜವಾಗಿಯೂ ಕೇಳುತ್ತಾರೆ. 2011ರಲ್ಲಿ ಮತ್ತೊಮ್ಮೆ ಪರಿಷ್ಕರಣೆಯಾಯಿತು. ನಡತೆಯ ಬಗೆಗೆ ಆರು ಲಕ್ಷಣಗಳನ್ನು ಗೊತ್ತುಪಡಿಸಿದರು: ಸಂಕೋಚ ಹೋಗುವುದು, ಯಾವುದರಲ್ಲೂ ಆಸ್ಥೆ ಇಲ್ಲದಿರುವುದು, ಕನಿಕರ ಬತ್ತುವುದು, ಮಾಡಿದ್ದನ್ನೇ ಮಾಡುವುದು, ಸಿಹಿಯ ಹಂಬಲ ಮತ್ತು ಅತಿಯಾಗಿ ತಿನ್ನುವುದು, ನೆನಪು ಉಳಿದಿದ್ದೂ ಯೋಜನಾಶಕ್ತಿ ಕುಂದುವುದು. ಆರರಲ್ಲಿ ಮೂರಿದ್ದರೆ ಈ ರೋಗ ‘ಸಾಧ್ಯ’. ನಿತ್ಯದ ವ್ಯವಹಾರ ಕೆಟ್ಟು, ಸ್ಕ್ಯಾನಿನಲ್ಲಿಯೂ ಗುರುತು ಕಂಡರೆ ‘ಸಂಭವನೀಯ’. ಮೆದುಳಿನ ಅಂಗಾಂಶದಿಂದ ಅಥವಾ ವಂಶವಾಹಿಯ ದೋಷದಿಂದ ಸಿದ್ಧವಾದರೆ ಮಾತ್ರ ‘ನಿಶ್ಚಿತ’. ಮರಣಾನಂತರ ದೃಢಪಟ್ಟ 137 ಪ್ರಕರಣಗಳಿಗೆ ಈ ನಿಯಮವನ್ನು ಹಚ್ಚಿ ನೋಡಿದಾಗ ಶೇಕಡಾ 86ರಷ್ಟು ‘ಸಾಧ್ಯ’ ಎಂಬ ವರ್ಗದೊಳಗೆ ಬಂದವು. 1998ರ ನಿಯಮದಂತೆ ಬರುತ್ತಿದ್ದವು ಶೇಕಡಾ 53 ಮಾತ್ರ. ಎಂದರೆ ಹಳೆಯ ಜರಡಿಯಲ್ಲಿ ಅರ್ಧದಷ್ಟು ರೋಗಿಗಳು ಸೋರಿಹೋಗುತ್ತಿದ್ದರು.

ಇದರ ಜೊತೆಗೆ ಇನ್ನೊಂದು ಬಗೆಯ ವಿಂಗಡಣೆಯೂ ಬೆಳೆಯಿತು. 1998ರಲ್ಲಿ ‘ಟೌ’ ಎಂಬ ಪ್ರೋಟೀನಿನ ವಂಶವಾಹಿಯ ದೋಷ ಕೆಲವು ಮನೆತನಗಳಲ್ಲಿ ಪತ್ತೆಯಾಯಿತು. 2006ರಲ್ಲಿ, ಟೌ ಇಲ್ಲದ ಬಹುಪಾಲು ಪ್ರಕರಣಗಳಲ್ಲಿ ಗುಡ್ಡೆಯಾಗುವುದು ‘ಟಿಡಿಪಿ–43’ ಎಂಬ ಪ್ರೋಟೀನ್ ಎಂದು ತಿಳಿಯಿತು. ಕೈಕಾಲುಗಳ ಸ್ನಾಯುಗಳು ಸೊರಗುವ ಮೋಟಾರ್ ನ್ಯೂರಾನ್ ರೋಗದಲ್ಲಿಯೂ ಅದೇ ಪ್ರೋಟೀನ್ ಸಿಕ್ಕಿತು. 2011ರಲ್ಲಿ ‘ಸಿ9ಓಆರ್‌ಎಫ್72’ ಎಂಬ ವಂಶವಾಹಿಯ ದೋಷ ಸಿಕ್ಕಾಗ, ಒಂದೇ ಮನೆತನದಲ್ಲಿ ಒಬ್ಬನಿಗೆ ನಡತೆಯ ರೋಗವೂ ಇನ್ನೊಬ್ಬನಿಗೆ ಸ್ನಾಯುಗಳ ರೋಗವೂ ಏಕೆ ಬರುತ್ತದೆಂಬುದು ಸ್ಪಷ್ಟವಾಯಿತು. ಹೊರಗಿನ ಲಕ್ಷಣದ ಪಟ್ಟಿ ಒಂದು, ಒಳಗಿನ ಪ್ರೋಟೀನಿನ ಪಟ್ಟಿ ಇನ್ನೊಂದು. ಎರಡೂ ಒಂದಕ್ಕೊಂದು ಹೊಂದುವುದಿಲ್ಲ. ನಿಮಗೆ ಅರ್ಥವಾಗುವಂತೆ ಹೇಳುವುದಾದರೆ, ಅದೇ ಮಕ್ಕಳನ್ನು ಹಾಜರಿ ಪುಸ್ತಕದಲ್ಲಿ ಹೆಸರಿನ ಕ್ರಮದಲ್ಲಿ ಬರೆಯುತ್ತೇವೆ, ಫಲಿತಾಂಶ ಪತ್ರದಲ್ಲಿ ಅಂಕಗಳ ಕ್ರಮದಲ್ಲಿ ಬರೆಯುತ್ತೇವೆ. ಒಂದು ಪಟ್ಟಿಯನ್ನು ನೋಡಿ ಇನ್ನೊಂದನ್ನು ಊಹಿಸಲಾಗದು.

ನಮ್ಮ ದೇಶದಲ್ಲಿ ಈ ರೋಗ ವಿರಳ ಎಂಬ ಭಾವನೆ ಇತ್ತು. ಹೈದರಾಬಾದಿನ ನಿಜಾಮ್ಸ್ ವೈದ್ಯಕೀಯ ಸಂಸ್ಥೆಯಲ್ಲಿದ್ದ, ಮುಂದೆ ನಿಮ್ಹಾನ್ಸ್‌ಗೆ ಬಂದ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಲ್ಲಿನ ನೆನಪಿನ ಚಿಕಿತ್ಸಾಲಯಕ್ಕೆ ಬಂದ 347 ಮರೆಗುಳಿ ರೋಗಿಗಳಲ್ಲಿ ಶೇಕಡಾ 18.7ರಷ್ಟು ಜನರಿಗೆ ಇದೇ ರೋಗವಿತ್ತು. ಇದು ಆಸ್ಪತ್ರೆಗೆ ಬಂದವರ ಲೆಕ್ಕವೇ ಹೊರತು ಇಡೀ ಸಮಾಜದ ಲೆಕ್ಕವಲ್ಲ, ನಿಜ. ಆದರೂ ಹುಡುಕಿದರೆ ಸಿಗುತ್ತದೆ ಎಂಬುದಂತೂ ಸಿದ್ಧವಾಯಿತು. ಅದೇ ತಂಡ 2013ರಲ್ಲಿ 648 ರೋಗಿಗಳನ್ನು ಅಭ್ಯಸಿಸಿ, ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಡಿಮೆನ್ಶಿಯಾ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತೆಂದು ವರದಿ ಮಾಡಿತು. ಶಾಲೆಯ ಮೆಟ್ಟಿಲು ಹತ್ತದವರಲ್ಲಿಯೂ ಇದು ಕಂಡುಬಂತು.

ಈ ನಿಯಮಗಳನ್ನು ನಮ್ಮವರಿಗೆ ಹಚ್ಚುವುದು ಅಷ್ಟು ಸುಲಭವಲ್ಲ. ಎರಡು ಉದಾಹರಣೆ ಕೊಡುತ್ತೇನೆ. ಶಬ್ದಾರ್ಥ ಅಳಿಸುವ ಬಗೆಗೆ ಒಂದು ಗುರುತೆಂದರೆ, ಬರೆಯುವುದೊಂದು ಓದುವುದೊಂದು ಆಗಿರುವ ಶಬ್ದಗಳನ್ನು ರೋಗಿ ಬರೆದಂತೆಯೇ ಓದಿಬಿಡುವುದು. ಇಂಗ್ಲಿಷಿನಲ್ಲಿ ಅಂಥ ಶಬ್ದಗಳು ರಾಶಿ ರಾಶಿ. ಕನ್ನಡವನ್ನಾದರೋ ನಾವು ಬಹುಮಟ್ಟಿಗೆ ಬರೆದಂತೆಯೇ ಓದುತ್ತೇವೆ, ಆದ್ದರಿಂದ ಆ ಗುರುತು ಇಲ್ಲಿ ಸಿಗುವುದು ಕಷ್ಟ. ಇನ್ನೊಂದು, ಮರ್ಯಾದೆಯ ಮಾತು. ಹಿರಿಯರಿಗಿಂತ ಮೊದಲು ತಾಟಿಗೆ ಕೈಹಾಕುವುದು, ಬೀಗರನ್ನು ಏಕವಚನದಲ್ಲಿ ಕರೆಯುವುದು ನಮ್ಮಲ್ಲಿ ಎಷ್ಟು ದೊಡ್ಡ ಬದಲಾವಣೆ ಎಂಬುದು ಪರದೇಶದ ಪ್ರಶ್ನಾವಳಿಗೆ ತಿಳಿಯದು. ಮೇಲಾಗಿ ಕೂಡುಕುಟುಂಬದಲ್ಲಿ ಲೆಕ್ಕ, ವ್ಯವಹಾರ, ನಿರ್ಧಾರವನ್ನು ಮಗನೋ ತಮ್ಮನೋ ಹೊತ್ತುಕೊಂಡುಬಿಡುತ್ತಾರೆ. ಯಜಮಾನನ ಯೋಜನಾಶಕ್ತಿ ಕುಂದಿದ್ದು ವರ್ಷಗಟ್ಟಲೆ ಬಯಲಿಗೆ ಬರುವುದಿಲ್ಲ. ಈ ಕೊರತೆಯನ್ನು ತುಂಬಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಕನ್ನಡವೂ ಸೇರಿದಂತೆ ಐದು ಭಾರತೀಯ ಭಾಷೆಗಳಲ್ಲಿ ಪರೀಕ್ಷೆಗಳ ಒಂದು ಗುಚ್ಛವನ್ನು ಸಿದ್ಧಪಡಿಸಿದೆ. 2022ರಲ್ಲಿ ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮವನ್ನು ಆರಂಭಿಸಿದವು. ಮೆದುಳಿನ ಕಾಯಿಲೆಯನ್ನು ಜಿಲ್ಲಾ, ತಾಲ್ಲೂಕು ಮಟ್ಟದ ವೈದ್ಯರೇ ಗುರುತಿಸುವಂತಾಗಬೇಕೆಂಬುದು ಅದರ ಉದ್ದೇಶ.

ಇಷ್ಟೆಲ್ಲ ಹೆಸರಿಟ್ಟು ಬಂದ ಲಾಭವೇನು ಎಂದು ನೀವು ಕೇಳಬಹುದು. ಈ ರೋಗವನ್ನು ಗುಣಪಡಿಸುವ ಅಥವಾ ತಡೆಯುವ ಔಷಧಿ ಇಂದಿಗೂ ಇಲ್ಲ. ಆಲ್ಜೈಮರ್ ರೋಗಕ್ಕೆ ಕೊಡುವ ಡೊನೆಪೆಜಿಲ್‌ನಂಥ ಗುಳಿಗೆಗಳು ಇಲ್ಲಿ ಉಪಯೋಗಕ್ಕೆ ಬಾರವು, ಕೆಲವರಲ್ಲಿ ನಡತೆಯನ್ನು ಇನ್ನಷ್ಟು ಕೆಡಿಸಲೂಬಹುದು. ಮೊದಲ ಲಾಭ ಇದೇ: ಹೆಸರು ಸರಿಯಾಗಿದ್ದರೆ ತಪ್ಪು ಗುಳಿಗೆ ತಪ್ಪುತ್ತದೆ. ಹಟ, ಗೀಳುಗಳನ್ನು ತಗ್ಗಿಸಲು ಬೇರೆ ಗುಳಿಗೆಗಳು ಕೆಲವರಿಗೆ ನೆರವಾಗುತ್ತವೆ. ಜಮೀನು, ಬ್ಯಾಂಕಿನ ವ್ಯವಹಾರವನ್ನು ಮನೆಯವರು ಮೊದಲೇ ಕಾಪಾಡಿಕೊಳ್ಳಬಹುದು. ಅಂಗಡಿಕಾರನಿಗೆ ತಿಂಗಳಿನ ಹಣವನ್ನು ಮುಂಗಡವಾಗಿ ಕೊಟ್ಟು, ‘ಏನು ಎತ್ತಿಕೊಂಡರೂ ಸುಮ್ಮನಿರು’ ಎನ್ನಬಹುದು. 2023ರಲ್ಲಿ ಹಾಲಿವುಡ್ ನಟ ಬ್ರೂಸ್ ವಿಲ್ಲಿಸ್ ಅವರ ಕುಟುಂಬ ಅವರಿಗೆ ಇದೇ ರೋಗವೆಂದು ಪ್ರಕಟಿಸಿದಾಗ ಜಗತ್ತು ಅನುಕಂಪ ತೋರಿತು. ಬೆಲ್ಲ ಎತ್ತಿಕೊಂಡ ಅಣ್ಣನಿಗೆ ಸಿಕ್ಕಿದ್ದು ಹೊಡೆತ. ಅಂಗಡಿಯೊಂದರ ಮುಂದೆ ಅವರನ್ನು ಹೊಡೆದರು, ನಾನು ಅಲ್ಲಿದ್ದೂ ಬಿಡಿಸಿಕೊಳ್ಳಲು ಹೋಗಲಿಲ್ಲ. ಮಾಡಿದ್ದನ್ನು ಉಣ್ಣಲಿ ಎಂದುಕೊಂಡೆ.

ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಅಣ್ಣನ ಮೆದುಳಿನ ಚಿತ್ರವನ್ನು ಯಾರೂ ತೆಗೆಯಲಿಲ್ಲ. 2011ರ ನಿಯಮಗಳ ಪ್ರಕಾರ ಅವರು ಹೆಚ್ಚೆಂದರೆ ‘ಸಾಧ್ಯ’ ಎಂಬ ವರ್ಗದಲ್ಲಿ ನಿಲ್ಲುತ್ತಾರೆ. ಅದನ್ನು ಹೇಳಲು ಸಹ ನಾನು ವೈದ್ಯನಲ್ಲ. ದಾಖಲೆ ಇಲ್ಲದ್ದನ್ನು ನಿಶ್ಚಿತವೆಂದು ಬರೆಯಬಾರದೆಂದು ನಿಮಗೆ ಕಲಿಸಿದವನು ನಾನೇ. ಆದರೆ ‘ಸಾಧ್ಯ’ ಎಂಬ ಒಂದು ಶಬ್ದ 1997ರಲ್ಲಿ ನನಗೆ ಗೊತ್ತಿದ್ದರೆ ನಾನು ಅವರ ರಟ್ಟೆಯನ್ನು ಹಾಗೆ ಹಿಡಿಯುತ್ತಿರಲಿಲ್ಲ.

ವೈನಿಯವರಿಗೆ ಈಗ ಎಂಬತ್ತು ಸಮೀಪಿಸಿದೆ. ಹೋದ ದೀಪಾವಳಿಗೆ ಅವರ ಮನೆಗೆ ಹೋಗಿ, ಇದು ರೋಗವಾಗಿದ್ದಿರಬಹುದು, ಅಣ್ಣ ನಿಮ್ಮ ಮೇಲಿನ ಪ್ರೀತಿ ಬಿಟ್ಟು ಹಾಗೆ ಮಾಡಿದ್ದಲ್ಲ ಎಂದು ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ತಂಗಿ ಸತ್ತಾಗ ಅವರ ಕಣ್ಣಾಗ ನೀರು ಬರಲಿಲ್ಲ ಅಂತ ನಾ ಆರು ವರ್ಷ ಅವರ ಜೋಡಿ ಸರಿಯಾಗಿ ಮಾತಾಡಲಿಲ್ಲೋ ತಮ್ಮಾ” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ವಿದ್ಯಾರ್ಥಿ ಮಿತ್ರರೇ, ನೀವೀಗ ನಲವತ್ತನ್ನು ದಾಟಿದ್ದೀರಿ. ನಿಮ್ಮ ಮನೆಯಲ್ಲಿಯೋ ಓಣಿಯಲ್ಲಿಯೋ ಮರ್ಯಾದಸ್ಥನಾಗಿ ಬಾಳಿದವನೊಬ್ಬ ಐವತ್ತರ ಸುಮಾರಿಗೆ ಬೇರೆಯೇ ಮನುಷ್ಯನಾದರೆ, ನೆನಪು ಚೆನ್ನಾಗಿದೆ ಎಂಬ ಕಾರಣಕ್ಕೆ ಸೊಕ್ಕು ಎಂದು ತೀರ್ಮಾನಿಸಬೇಡಿರಿ. ಧಾರವಾಡಕ್ಕೋ ಬೆಂಗಳೂರಿಗೋ ಕರೆದೊಯ್ದು ನರರೋಗ ತಜ್ಞರಿಗೆ ತೋರಿಸಿರಿ. ಅವನ ಬಗ್ಗೆ ಅವನನ್ನೇ ಕೇಳಿ ಬಿಡಬೇಡಿ ಎಂದು ವೈದ್ಯರಿಗೆ ಹೇಳಿರಿ. ಈ ರೋಗದಲ್ಲಿ ರೋಗಿಗೆ ತಾನು ಬದಲಾದದ್ದು ತಿಳಿಯುವುದಿಲ್ಲ, ಹೆಂಡತಿ ಮಕ್ಕಳ ಮಾತೇ ಅರ್ಧ ಪರೀಕ್ಷೆ.

ಆ ದಿನ ಬುತ್ತಿಯನ್ನು ಕಳೆದುಕೊಂಡ ಹುಡುಗ ಈಗ ಎಲ್ಲಿದ್ದಾನೋ ಗೊತ್ತಿಲ್ಲ. ಅವನು ಇದನ್ನು ಓದಿದರೆ ಒಂದು ಸಂಗತಿ ತಿಳಿಸಬೇಕು. ಅಣ್ಣನನ್ನು ಹೊರಗೆ ಬಿಟ್ಟು ನಾನು ಮರಳಿ ಬಂದಾಗ, ತರಗತಿಯಲ್ಲಿ ನಗದೆ ಕುಳಿತಿದ್ದವನು ಅವನೊಬ್ಬನೇ. “ಸರ್, ಅವರಿಗೆ ಹಸಿವಾಗಿತ್ತು” ಎಂದ. ಆ ದಿನ ಅವನಿಗೂ ಸಿಟ್ಟಿನಿಂದ “ಕೂಡು ಕೆಳಗೆ” ಎಂದಿದ್ದೆ. ಅದಕ್ಕಾಗಿ ಅವನಲ್ಲಿಯೂ ಕ್ಷಮೆ ಕೇಳುತ್ತೇನೆ.

ನಿಮ್ಮ ಮೇಷ್ಟ್ರು,
ಮೇಡ್ಲೇರಿ